ಮೇಲಿನ ಮನೆಯಲ್ಲಿ ವಾಸವಿರುವವರು

ಜಯನಗರ 7ನೇ ಬ್ಲಾಕ್
16 ಜೂನ್ 2025

ಚಿ. ಕಾತ್ಯಾಯಿನಿಗೆ ಅಣ್ಣನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೂರು ಸಲ ಫೋನ್ ಮಾಡಿದೆ, ನೀನು ತೆಗೆಯಲಿಲ್ಲ. ‘ಏನಿದ್ದರೂ ಕಾಗದದಲ್ಲಿ ಬರಿ’ ಎಂದು ಒಂದು ಸಾಲು ಮೆಸೇಜು ಬಂತು. ಒಂದೇ ಊರೊಳಗೆ, ಜಯನಗರದಿಂದ ಶ್ರೀನಗರಕ್ಕೂ ಕಾಗದ ಬರೆಯಬೇಕಾ ಎಂದು ನಿನ್ನ ಅತ್ತಿಗೆ ಸಂಗೀತಾ ನಕ್ಕಳು. ಇರಲಿ, ನಿನ್ನಿಷ್ಟದಂತೆಯೇ ಬರೆಯುತ್ತಿದ್ದೇನೆ.

ವಿಷಯ ಸಣ್ಣದು. ಮನೆಗೆ ಪಾಲಿಕೆಯ ಕಂದಾಯದವರಿಂದ ನೋಟೀಸು ಬಂದಿದೆ. ಅಪ್ಪ ಉಯಿಲಿನಲ್ಲಿ ಮನೆಯನ್ನು ನಮ್ಮಿಬ್ಬರಿಗೂ ಸಮಭಾಗ ಬರೆದಿಟ್ಟಿದ್ದರಿಂದ ಖಾತೆ ಇನ್ನೂ ಇಬ್ಬರ ಹೆಸರಿನಲ್ಲಿದೆ. ಹಾಗಾಗಿ ನೋಟೀಸಿನಲ್ಲಿ ನಿನ್ನ ಹೆಸರೂ ಇದೆ. ಗಾಬರಿಯಾಗಬೇಡ.

ಪ್ರತಿ ವರ್ಷ ಆಸ್ತಿ ತೆರಿಗೆ ಕಟ್ಟುವಾಗ ಮನೆಯಲ್ಲಿ ಯಾರಿದ್ದಾರೆಂದು ನಾವೇ ಘೋಷಿಸಬೇಕು. ಮಾಲೀಕರೇ ಇದ್ದರೆ ‘ಸ್ವಂತ ವಾಸ’, ತೆರಿಗೆ ಕಡಿಮೆ. ಬಾಡಿಗೆಗಿದ್ದರೆ ಹೆಚ್ಚು, ವ್ಯಾಪಾರವಾದರೆ ಇನ್ನೂ ಹೆಚ್ಚು. ನಾನು ಕೆಳಗಿನ ಮನೆಗೂ ಮೇಲಿನ ಮನೆಗೂ ಸ್ವಂತ ವಾಸ ಎಂದೇ ಬರೆಯುತ್ತಾ ಬಂದಿದ್ದೇನೆ. ಈಗ ಎದುರು ಮನೆಯ ಕೈಲಾಸ್, ಕಾರು ನಿಲ್ಲಿಸುವ ಜಾಗದ ಸಿಟ್ಟಿಗೆ, ‘ಮೇಲ್ಗಡೆ ದಿನಕ್ಕೊಬ್ರು ಬಂದು ಹೋಗ್ತಾರೆ, ಲಾಡ್ಜ್ ನಡೆಸ್ತಿದಾರೆ’ ಎಂದು ದೂರು ಕೊಟ್ಟಿದ್ದಾನೆ. ಲಾಡ್ಜೂ ಇಲ್ಲ, ಏನೂ ಇಲ್ಲ. ಮಗ ವಿಶ್ರುತ್ ಒಂದು ಆ್ಯಪಿನಲ್ಲಿ ಮೇಲಿನ ಮನೆಯನ್ನು ಹಾಕಿದ್ದಾನೆ. ಮದುವೆಗೋ ಆಸ್ಪತ್ರೆಗೋ ಬಂದವರು ಒಂದೆರಡು ದಿನ ಇದ್ದು ಹೋಗುತ್ತಾರೆ. ಈಗಿನ ಕಾಲದಲ್ಲಿ ಎಲ್ಲರೂ ಮಾಡುವುದೇ.

ನಮ್ಮ ತೆರಿಗೆ ಸಲಹೆಗಾರರು ಒಂದು ಪ್ರಮಾಣಪತ್ರ ಸಿದ್ಧಪಡಿಸಿದ್ದಾರೆ. ಜೊತೆಯಲ್ಲಿಟ್ಟಿದ್ದೇನೆ. ಸಹ ಮಾಲೀಕಳಾದ ನೀನು 2021ರ ನವೆಂಬರಿನಿಂದ ಮೇಲಿನ ಮನೆಯಲ್ಲಿ ವಾಸವಿದ್ದೀಯೆ, ಬಂದು ಹೋದವರು ನಿನ್ನ ನೆಂಟರಿಷ್ಟರು ಎಂದು ಅದರಲ್ಲಿದೆ. ನೋಟರಿ ಮುಂದೆ ಸಹಿ ಹಾಕಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿಬಿಡು. ನೋಟರಿಯವರ ಹಣ ನಾನೇ ಕೊಡುತ್ತೇನೆ.

ಹದಿನೈದು ದಿನದ ಗಡುವಿದೆ. ತಡಮಾಡಬೇಡ.

ಇಂತಿ,
ಜಯಸಿಂಹ


ಶ್ರೀನಗರ
22 ಜೂನ್ 2025

ಅಣ್ಣ,

ಕಾಗದ ಬಂತು. ಫೋನು ಯಾಕೆ ತೆಗೆಯಲಿಲ್ಲ ಎಂದರೆ, ಫೋನಿನಲ್ಲಿ ನೀನು ಹೇಳಿದ್ದನ್ನು ಆಮೇಲೆ ‘ನಾನು ಹಾಗೆ ಹೇಳೇ ಇಲ್ವಲ್ಲ’ ಎನ್ನುತ್ತೀಯ. ನನ್ನ ಹತ್ತಿರ ಸಾಕ್ಷಿ ಇರುವುದಿಲ್ಲ. ಕಾಗದವಾದರೆ ನೀನು ಬರೆದದ್ದು ಬರೆದ ಹಾಗೇ ಇರುತ್ತದೆ.

ಪ್ರಮಾಣಪತ್ರವನ್ನು ನಾಲ್ಕು ಸಲ ಓದಿದೆ. ಶಾಲೆಯ ಆಫೀಸಿನಲ್ಲಿ ಇಪ್ಪತ್ತು ವರ್ಷ ಮಕ್ಕಳ ಫಾರಂ ತುಂಬಿಸಿದವಳು ನಾನು, ಒಂದು ಕಾಲಂ ಬಿಡದೆ ಓದುವ ಅಭ್ಯಾಸ. ಓದುತ್ತಾ ಓದುತ್ತಾ ನನಗೆ ನನ್ನ ಬಗ್ಗೆಯೇ ಎಷ್ಟೊಂದು ಸಂಗತಿ ಗೊತ್ತಾಯಿತು! ನಾನು ನಾಲ್ಕು ವರ್ಷದಿಂದ ಅಪ್ಪನ ಮನೆಯ ಮಹಡಿಯಲ್ಲಿ ‘ಯಾವುದೇ ಅಡೆತಡೆಯಿಲ್ಲದೆ, ಸ್ವಂತ ಹಕ್ಕಿನಿಂದ’ ಸಂಸಾರ ಮಾಡಿಕೊಂಡಿದ್ದೇನೆ. ಅಲ್ಲಿಯೇ ಅಡುಗೆ ಮಾಡುತ್ತೇನೆ. ನನ್ನನ್ನು ನೋಡಲು ನೆಂಟರು ಮೇಲಿಂದ ಮೇಲೆ ಬರುತ್ತಾರಂತೆ, ಸೂಟ್‌ಕೇಸ್ ಎಳೆದುಕೊಂಡು. ಗೋವಾದಿಂದ, ಪೂನಾದಿಂದ. ಇಷ್ಟು ಜನ ನನ್ನ ಮೇಲೆ ಪ್ರೀತಿ ಇಟ್ಟುಕೊಂಡಿದ್ದಾರೆಂದು ನನಗೇ ತಿಳಿದಿರಲಿಲ್ಲ.

ಹಾಗಾದರೆ ಶ್ರೀನಗರದಲ್ಲಿ ಗಂಗಯ್ಯನವರ ಮನೆಯ ಹಿಂಭಾಗದ ಒಂದು ರೂಮು, ಒಂದು ಅಡುಗೆಮನೆಯಲ್ಲಿ, ನಲ್ಲಿಯಲ್ಲಿ ನೀರು ಬಂದ ದಿನ ಬಕೆಟ್ಟು ತುಂಬಿಸಿಕೊಂಡು ಇರುವವಳು ಯಾರು ಅಂತ ನಿಮ್ಮ ಸಲಹೆಗಾರರನ್ನು ಒಂದು ಮಾತು ಕೇಳಿ ಹೇಳು.

ನೆನಪಿದೆಯಾ? 2021ರ ಮೇ ತಿಂಗಳಲ್ಲಿ ಇವರು ಹೋದರು. ಆಸ್ಪತ್ರೆಯಿಂದ ದೇಹವನ್ನೂ ಮನೆಗೆ ಕೊಡಲಿಲ್ಲ. ಆರು ತಿಂಗಳು ಇವರ ತಮ್ಮನ ಮನೆಯಲ್ಲಿ ಮೂಲೆಯಲ್ಲಿದ್ದೆ. ದೀಪಾವಳಿ ಕಳೆದ ಮೇಲೆ, ಬೇರೆ ಮನೆ ನೋಡಿಕೊಳ್ಳಿ ಎಂದು ಅವರು ಬಾಯಿ ಬಿಟ್ಟೇ ಹೇಳಿದರು. ಅವತ್ತು ನಿನಗೆ ಫೋನ್ ಮಾಡಿದೆ. ‘ಅಣ್ಣ, ಮಹಡಿ ಮನೆ ನಂಗೆ ಬಿಟ್ಕೊಡ್ತೀಯಾ, ಬಾಡಿಗೆ ಬೇಕಾದ್ರೆ ಕೊಡ್ತೀನಿ’ ಅಂದೆ. ಅರ್ಧ ನನ್ನದೇ ಆದ ಮನೆಗೆ ಬಾಡಿಗೆ ಕೊಡುತ್ತೇನೆಂದೆ. ನೀನು ಹೇಳಿದ್ದು ಇಷ್ಟು: ‘ಬಾಡಿಗೆಯವರ ಕರಾರು ಇನ್ನೂ ಎರಡು ವರ್ಷ ಇದೆ ಕಣೇ, ಮಧ್ಯದಲ್ಲಿ ಎಬ್ಬಿಸೋಕಾಗಲ್ಲ. ಕೋರ್ಟಿಗೆ ಹೋಗ್ತಾರೆ.’ ನಾನು ನಂಬಿದೆ. ಪಾಪ, ಬಾಡಿಗೆಯವರಿಗೂ ಮಕ್ಕಳುಮರಿ ಇರುತ್ತವೆ ಎಂದುಕೊಂಡೆ. ಎಂಥ ದಡ್ಡಿ.

ಸಹಿಗೆ ಮುಂಚೆ ಒಂದೇ ಪ್ರಶ್ನೆ. ಪ್ರಮಾಣಪತ್ರದಲ್ಲಿ ನವೆಂಬರ್ ತಿಂಗಳು ಎಲ್ಲಿಂದ ಬಂತು? ಸುಳ್ಳೇ ಬರೆಯುವುದಾದರೆ ಜನವರಿ ಎಂದು ಬರೆಯಬಹುದಿತ್ತು, ಯುಗಾದಿ ಎಂದು ಬರೆಯಬಹುದಿತ್ತು. ನಾನು ಫೋನ್ ಮಾಡಿ ಮನೆ ಕೇಳಿದ ತಿಂಗಳನ್ನೇ ಯಾಕೆ ಆರಿಸಿದೆ?

ತಂಗಿ,
ಕಾತ್ಯಾಯಿನಿ


ಜಯನಗರ 7ನೇ ಬ್ಲಾಕ್
30 ಜೂನ್ 2025

ಚಿ. ಕಾತ್ಯಾಯಿನಿಗೆ,

ಆಶೀರ್ವಾದಗಳು. ನಿನ್ನ ಕಾಗದದಲ್ಲಿ ವ್ಯಂಗ್ಯ ಹೆಚ್ಚು, ವಿಷಯ ಕಡಿಮೆ. ಆದರೂ ಉತ್ತರಿಸುತ್ತೇನೆ.

ವಿಶ್ರುತ್ ಮೋಜಿಗಾಗಿ ಇದನ್ನು ಮಾಡಲಿಲ್ಲ. ಕೊರೋನಾದಲ್ಲಿ ಅವನ ಕೆಲಸ ಹೋಯಿತು. ಮೇಲಿನ ಮನೆಗೆ ಸುಣ್ಣಬಣ್ಣ, ಗೀಸರು, ಎಸಿ ಎಲ್ಲ ಅವನೇ ಹಾಕಿಸಿದ. ನೀನು ಒಂದು ರೂಪಾಯಿ ಹಾಕಿದ್ದೀಯಾ?

ಕಾನೂನಿನ ಪ್ರಕಾರವೇ ಮಾಡಿದರೆ ಏನಾಗುತ್ತದೆ ಗೊತ್ತೆ? ಮೇಲಿನ ಮನೆ ವ್ಯಾಪಾರದ ಲೆಕ್ಕಕ್ಕೆ ಹೋಗುತ್ತದೆ. ಟ್ರೇಡ್ ಲೈಸೆನ್ಸ್ ಕೇಳುತ್ತಾರೆ. ಕರೆಂಟಿನ ಮೀಟರು ಮನೆಯ ದರದಿಂದ ಅಂಗಡಿಯ ದರಕ್ಕೆ ಬದಲಾಗುತ್ತದೆ. ಹೋಂಸ್ಟೇ ಎಂದು ನೋಂದಾಯಿಸೋಣವೆಂದರೆ ಪೊಲೀಸರ ಪತ್ರ, ನೆರೆಯವರ ತಕರಾರಿಲ್ಲದ ಪತ್ರ, ಸಹ ಮಾಲೀಕರ ಒಪ್ಪಿಗೆ ಬೇಕಂತೆ. ವಿದೇಶದವರು ಬಂದರೆ ಒಂದೇ ದಿನದೊಳಗೆ ಅವರ ವಿವರ ಆನ್‌ಲೈನಿನಲ್ಲಿ ತುಂಬಬೇಕು. ಇಷ್ಟೆಲ್ಲ ಮಾಡಿದರೆ ಕೈಗೆ ಏನುಳಿಯುತ್ತದೆ? ಅದಕ್ಕೆ ಯಾರೂ ಮಾಡುವುದಿಲ್ಲ. ನಮ್ಮ ರಸ್ತೆಯಲ್ಲೇ ಇನ್ನೂ ನಾಲ್ಕು ಮನೆಗಳಿವೆ, ಸಿಕ್ಕಿಬಿದ್ದವನು ನಾನೊಬ್ಬ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಹಿಂದಿನ ಬಾಡಿಗೆಯವರು 2021ರ ಅಕ್ಟೋಬರ್ 31ಕ್ಕೆ ಖಾಲಿ ಮಾಡಿದ್ದಾರೆ. ಅವರ ಕರಾರು ಪತ್ರವನ್ನು ಪಾಲಿಕೆಯವರು ಕೇಳಿದರೆ ತೋರಿಸಬೇಕಾಗುತ್ತದೆ. ಆದ್ದರಿಂದ ನಿನ್ನ ವಾಸ ನವೆಂಬರ್ ಒಂದರಿಂದ ಎಂದರೆ ದಾಖಲೆಗೆ ದಾಖಲೆ ಸರಿಯಾಗಿ ಕೂಡುತ್ತದೆ. ಇಷ್ಟೇ ವಿಷಯ. ಮೂವತ್ತೈದು ವರ್ಷ ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ನೋಡಿದವನು ನಾನು, ತಾರೀಖಿನ ವಿಷಯದಲ್ಲಿ ಎಡವುವುದಿಲ್ಲ.

ಪಾಲಿಕೆಯವರು ಇನ್ನೊಂದಿಷ್ಟು ಸಮಯ ಕೊಟ್ಟಿದ್ದಾರೆ. ಇದೊಂದು ಮುಗಿಯಲಿ, ಮೇಲಿನ ಮನೆಯ ವಿಷಯ ಕೂತು ಮಾತಾಡೋಣ.

ಇಂತಿ,
ಜಯಸಿಂಹ


ಶ್ರೀನಗರ
8 ಜುಲೈ 2025

ಅಣ್ಣ,

ತಾರೀಖಿನ ವಿಷಯದಲ್ಲಿ ನೀನು ಎಡವುವುದಿಲ್ಲ ನಿಜ. ಅಕ್ಟೋಬರ್ 31ಕ್ಕೆ ಬಾಡಿಗೆಯವರು ಹೋದರು. ದೀಪಾವಳಿ ಆ ವರ್ಷ ನವೆಂಬರ್ ಮೊದಲ ವಾರದಲ್ಲಿತ್ತು. ನಾನು ಫೋನ್ ಮಾಡಿದ್ದು ಅದಾದ ಮೇಲೆ. ಅಂದರೆ ನಾನು ಕೇಳಿದಾಗ ಮಹಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇಲ್ಲದ ಬಾಡಿಗೆಯವರಿಗೆ ನಾನು ಪಾಪ ಅಂದೆ.

ನಿನ್ನ ಕಾಗದವನ್ನು ಮತ್ತೆ ಓದಿದೆ. ಅಳು ಬರಲಿಲ್ಲ. ನೀನು ಇದನ್ನು ಒಪ್ಪಿಕೊಂಡು ಬರೆದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಗಮನಕ್ಕೇ ಬಾರದೆ ಬರೆದೆಯಲ್ಲ, ಅವತ್ತು ನಾನು ಕೇಳಿದ್ದೇ ನಿನಗೆ ನೆನಪಿಲ್ಲವಲ್ಲ, ಅದು ಚುಚ್ಚಿತು.

ಈಗ ನಾನೂ ಒಂದು ವಿಷಯ ಹೇಳಬೇಕು. ಮಾರ್ಚಿನಲ್ಲಿ ನಮ್ಮ ಶಾಲೆಯ ಟೀಚರೊಬ್ಬರು ತಮ್ಮ ಮಗಳ ನಿಶ್ಚಿತಾರ್ಥಕ್ಕೆ ಬರುವವರನ್ನು ಇಳಿಸಲು ಜಯನಗರದಲ್ಲಿ ಜಾಗ ಹುಡುಕುತ್ತಿದ್ದರು. ‘ನೋಡ್ರೀ ಕಾತ್ಯಾಯಿನಿ, ಹಳೇ ಕಾಲದ್ದು, ರೆಡ್ ಆಕ್ಸೈಡ್ ನೆಲ, ಸಖತ್ತಾಗಿದೆ’ ಎಂದು ಫೋನು ತೋರಿಸಿದರು. ನೋಡಿದೆ. ನನ್ನ ರೂಮಿನ ಕಿಟಕಿ. ಕಬ್ಬಿಣದ ಸರಳಿಗೆ ನಾನು ಹತ್ತನೇ ಕ್ಲಾಸಿನಲ್ಲಿ ಹಚ್ಚಿದ ಹಸಿರು ಬಣ್ಣ ಹಾಗೇ ಇತ್ತು.

ಟೀಚರು ಬೇರೆ ಕಡೆ ಬುಕ್ ಮಾಡಿದರು. ನಾನು ಒಂದು ದಿನಕ್ಕೆ ಆ ಮನೆಯನ್ನು ಬುಕ್ ಮಾಡಿದೆ. ಮಾರ್ಚ್ 15, ಶನಿವಾರ. ವಿಶ್ರುತ್ ಆಧಾರ್ ಕಾರ್ಡಿನ ಫೋಟೋ ಕೇಳಿದ, ಕಳಿಸಿದೆ. ಕಾತ್ಯಾಯಿನಿ ಶ್ರೀಪಾದ, ಶ್ರೀನಗರ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅವನು ನೋಡಲೇ ಇಲ್ಲ. ಸೋದರತ್ತೆಯ ಹೆಸರು ಅವನಿಗೆ ಹೊಳೆಯಲಿಲ್ಲವೋ, ಕೆಲಸದ ಗಡಿಬಿಡಿಯೋ, ‘ವೆಲ್‌ಕಮ್ ಮೇಡಂ’ ಎಂದು ಬೀಗದ ನಂಬರು ಕಳಿಸಿದ.

ಮಧ್ಯಾಹ್ನ ಎರಡು ಗಂಟೆಗೆ ಹೊರಗಿನ ಮೆಟ್ಟಿಲು ಹತ್ತಿದೆ. ನೀವು ಕೆಳಗೆ ಊಟ ಮುಗಿಸಿ ಟಿವಿ ಹಾಕಿಕೊಂಡಿದ್ದಿರಿ. ಬಾಗಿಲು ತೆಗೆದರೆ ಗೋಡೆಯ ಮೇಲೆ ನಿಯಮಗಳ ಪಟ್ಟಿ. ಚಪ್ಪಲಿ ಹೊರಗೆ ಬಿಡಿ, ಜೋರಾಗಿ ಮಾತಾಡಬೇಡಿ, ಕೆಳಗೆ ಹಿರಿಯರಿದ್ದಾರೆ. ಅಮ್ಮನ ಹಿತ್ತಾಳೆ ಕಾಫಿ ಫಿಲ್ಟರನ್ನು ಉಜ್ಜಿ ಹೊಳಪಿಸಿ ಶೆಲ್ಫಿನಲ್ಲಿ ಇಟ್ಟಿದ್ದರು, ಅಲಂಕಾರಕ್ಕೆ. ಪಕ್ಕದಲ್ಲಿ ಒಂದು ಚೀಟಿ, ದಯವಿಟ್ಟು ಮುಟ್ಟಬೇಡಿ. ಕುಡಿಯುವುದಕ್ಕೆ ಎರಡು ಪ್ಯಾಕೆಟ್ಟು ಇನ್‌ಸ್ಟಂಟ್ ಕಾಫಿ. ನಾನು ಫಿಲ್ಟರನ್ನು ಮುಟ್ಟಿದೆ. ಕೈಯಲ್ಲಿ ಹಿಡಿದುಕೊಂಡು ಹೊಸ ಮಂಚದ ಮೇಲೆ ಕೂತೆ.

ಕೆಳಗೆ ನೀನು ಕೆಮ್ಮುವುದು ಕೇಳಿಸುತ್ತಿತ್ತು. ಒಣಕೆಮ್ಮು, ಅಪ್ಪನದೇ ಕೆಮ್ಮು. ನಾಲ್ಕು ಗಂಟೆಗೆ ನೀನು ಹೂ ಬಿಡಿಸಲು ಅಂಗಳಕ್ಕೆ ಬಂದೆ, ನಾನು ಪರದೆಯ ಹಿಂದೆ ಸರಿದು ನಿಂತೆ. ನಮ್ಮಪ್ಪನ ಮನೆಯಲ್ಲಿ ಕಳ್ಳಿಯ ಹಾಗೆ ನಿಂತೆ, ಅದೂ ದುಡ್ಡು ಕೊಟ್ಟು. ಕೂಗಬೇಕೆನಿಸಿತು. ಕೂಗಿದರೆ ‘ಬಾಡಿಗೆಯವರ ಕರಾರು’ ಎಂದು ಮತ್ತೆ ಶುರುಮಾಡುತ್ತೀಯೆಂದು ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ವಿಶ್ರುತ್‌ನ ಮೆಸೇಜು, ‘ಮೇಡಂ, ನಮ್ಮ ತಾತನ ಮನೆ ಇಷ್ಟ ಆಯ್ತಾ?’ ಇಷ್ಟವಾಯಿತು ಎಂದು ಬರೆದು, ಸಂಜೆಯಾಗುವ ಮುಂಚೆ ಹೊರಟು ಬಂದೆ. ರಾತ್ರಿಯ ದುಡ್ಡು ದಂಡವಾಯಿತು.

ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ಉದ್ದದ ನೋಟ್‌ಬುಕ್ ಇತ್ತಲ್ಲ, ಬಂದವರೆಲ್ಲ ಬರೆದು ಸಹಿ ಮಾಡಬೇಕಾದದ್ದು, ಪೊಲೀಸರು ಕೇಳಿದರೆ ತೋರಿಸಲು ಇಟ್ಟದ್ದು. ಅದರಲ್ಲಿ ಮಾರ್ಚ್ 15ರ ಸಾಲನ್ನು ಓದು. ಹೆಸರು, ವಿಳಾಸ, ನನ್ನ ಸಹಿ. ಬಂದ ಉದ್ದೇಶದ ಕಾಲಮ್ಮಿನಲ್ಲಿ ‘ಮನೆ ನೋಡಲು’ ಎಂದು ಬರೆದಿದ್ದೇನೆ. ನಾಲ್ಕು ವರ್ಷದಿಂದ ಅಲ್ಲೇ ವಾಸವಿರುವವಳು ಅದೇ ಮನೆಗೆ ಒಂದು ದಿನದ ಅತಿಥಿಯಾಗಿ ಬಂದಳೆಂದರೆ ಪಾಲಿಕೆಯವರು ಬಿಡು, ನಿಮ್ಮ ವಿಮಾ ಕಚೇರಿಯ ಗುಮಾಸ್ತನೂ ಒಪ್ಪುವುದಿಲ್ಲ.

ಸಹಿ ಹಾಕುವುದಿಲ್ಲ. ಪ್ರಮಾಣಪತ್ರ ವಾಪಸು ಕಳಿಸಿದ್ದೇನೆ.

ತಂಗಿ,
ಕಾತ್ಯಾಯಿನಿ


ಜಯನಗರ 7ನೇ ಬ್ಲಾಕ್
20 ಆಗಸ್ಟ್ 2025

ಚಿ. ಕಾತ್ಯಾಯಿನಿಗೆ,

ಆರು ವಾರ ಬರೆಯಲಾಗಲಿಲ್ಲ.

ನೋಟ್‌ಬುಕ್ ತೆಗೆದು ನೋಡಿದೆ. ನಿನ್ನ ಅಕ್ಷರವೇ. ವಿಶ್ರುತ್‌ಗೆ ತೋರಿಸಿದೆ. ಅವನ ಮುಖ ಸಣ್ಣದಾಯಿತು. ‘ಅತ್ತೆ ಅಂತ ಗೊತ್ತಿದ್ರೆ ದುಡ್ಡು ತಗೋತಿದ್ನಾಪ್ಪ’ ಎಂದ. ಅವನನ್ನು ಬೈಯಬೇಡ.

ಅವತ್ತಿನ ವಿಷಯ ಹೇಳಿಬಿಡುತ್ತೇನೆ. ನಿನಗೆ ಸುಳ್ಳು ಹೇಳಿದ್ದು ನಿಜ. ನೀನು ಮಹಡಿಗೆ ಬಂದರೆ ಮತ್ತೆ ಹೋಗುವುದಿಲ್ಲ, ಇವತ್ತು ಬಾಡಿಗೆ ಎಂದವಳು ನಾಳೆ ಪಾಲು ಎನ್ನುತ್ತಾಳೆ ಎಂದು ಸಂಗೀತಾ ಹೇಳಿದಳು. ಅವಳು ಹೇಳಿದಳು ಎಂದು ನುಣುಚಿಕೊಳ್ಳುವುದಿಲ್ಲ, ನನಗೂ ಹಾಗೇ ಅನ್ನಿಸಿತ್ತು. ಮಗನ ಕೆಲಸ ಹೋಗಿತ್ತು, ನನ್ನ ಪಿಂಚಣಿಯಲ್ಲಿ ಸಾಗುತ್ತಿರಲಿಲ್ಲ. ಭಯ ಬಿತ್ತು. ಭಯ ಬಿದ್ದವನು ಸುಳ್ಳು ಹೇಳಿದೆ. ಆಮೇಲೆ ಅದು ಅಭ್ಯಾಸವಾಯಿತು.

ಸೆಪ್ಟೆಂಬರ್ 3ಕ್ಕೆ ವಿಚಾರಣೆ ಇಟ್ಟಿದ್ದಾರೆ. ನೋಟ್‌ಬುಕ್ಕನ್ನು ಬೇರೆ ಬರೆದಿಟ್ಟುಕೊಳ್ಳಬಹುದು ಎಂದು ಸಲಹೆಗಾರರು ಹೇಳುತ್ತಾರೆ. ಆಗ ಆ ಸಾಲಿನ ತೊಂದರೆ ಇರುವುದಿಲ್ಲ. ನೀನು ಸಹಿ ಹಾಕಿದರೆ ಎಲ್ಲ ತಣ್ಣಗಾಗುತ್ತದೆ. ಇಲ್ಲದಿದ್ದರೆ ನಾಲ್ಕು ವರ್ಷದ ವ್ಯತ್ಯಾಸ, ಅದರ ಮೇಲೆ ದಂಡ, ಬಡ್ಡಿ. ನನ್ನ ವಯಸ್ಸು ನೋಡು.

ಮಂಗಳವಾರ ಗೌರಿ ಹಬ್ಬ. ತವರಿನಿಂದ ಮಂಗಳದ್ರವ್ಯವೆಂದು ಸ್ವಲ್ಪ ಹಣ ಲಕೋಟೆಯಲ್ಲಿಟ್ಟಿದ್ದೇನೆ. ಸೀರೆ ತೆಗೆದುಕೋ. ಪ್ರಮಾಣಪತ್ರವನ್ನೂ ಮತ್ತೆ ಇಟ್ಟಿದ್ದೇನೆ.

ಇಂತಿ,
ಜಯಸಿಂಹ


ಶ್ರೀನಗರ
29 ಆಗಸ್ಟ್ 2025

ಅಣ್ಣ,

ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡಿದ್ದೀಯ. ಆ ಒಂದು ಪ್ಯಾರಾವನ್ನು ಮಾತ್ರ ಓದಿ, ಕಾಗದ ಮಡಚಿಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಕ್ಷಮಿಸಿಬಿಡುತ್ತಿದ್ದೆನೇನೋ. ಮುಂದಕ್ಕೂ ಓದಿದೆ.

ಇವರು ಹೋದ ವರ್ಷದ ಗೌರಿ ಹಬ್ಬ ನಿನಗೆ ನೆನಪಿರಲಿಕ್ಕಿಲ್ಲ. ಮದುವೆಯಾದಂದಿನಿಂದ ತಪ್ಪದೆ ಬರುತ್ತಿದ್ದ ಮಂಗಳದ್ರವ್ಯ ಆ ವರ್ಷ ಬರಲಿಲ್ಲ. ನಾನು ಕೇಳಿರಲಿಲ್ಲ. ಆದರೂ ಅತ್ತಿಗೆ ತಾವಾಗಿಯೇ ಫೋನ್ ಮಾಡಿ ಹೇಳಿದರು, ‘ತಪ್ಪು ತಿಳ್ಕೋಬೇಡ, ಇನ್ಮೇಲೆ ನಿಂಗೆ ಕಳಿಸೋ ಪದ್ಧತಿ ಇಲ್ವಲ್ಲ.’ ಸರಿ ಅಂದೆ. ನೂರಾ ಒಂದು ರೂಪಾಯಿಯ ಆಸೆ ಇರಲಿಲ್ಲ ನನಗೆ. ತವರು ಎಂಬುದೊಂದು ಇದೆ ಎಂದು ವರ್ಷಕ್ಕೊಮ್ಮೆ ಪೋಸ್ಟ್‌ಮ್ಯಾನ್ ಬಂದು ಹೇಳುತ್ತಿದ್ದ, ಅದು ನಿಂತುಹೋಯಿತು.

ನಾಲ್ಕು ವರ್ಷ ಇಲ್ಲದ ಪದ್ಧತಿ ಈಗ ಎಲ್ಲಿಂದ ಬಂತು? ಪ್ರಮಾಣಪತ್ರಕ್ಕೆ ಸುತ್ತಿ ಕಳಿಸಿದ್ದೀಯಲ್ಲ, ನಿನಗೆ ನಾಚಿಕೆಯಾಗಲಿಲ್ಲವಾ? ನನಗೆ ನಿನ್ನ ಪರವಾಗಿ ನಾಚಿಕೆಯಾಯಿತು. ಹಣ ವಾಪಸು ಇದರೊಳಗಿದೆ, ಎಣಿಸಿಕೋ.

ಪಾಲಿಕೆಗೆ ನಾನೇ ಉತ್ತರ ಬರೆದು ಕೈಯಾರೆ ಕೊಟ್ಟು ಬಂದಿದ್ದೇನೆ. ಹೆಚ್ಚೇನೂ ಬರೆದಿಲ್ಲ. 2021ರಿಂದ ನಾನು ಶ್ರೀನಗರದಲ್ಲಿ ಬಾಡಿಗೆಗಿದ್ದೇನೆ, ಮೇಲಿನ ಮನೆಯಲ್ಲಿ ಒಂದು ರಾತ್ರಿಯೂ ಕಳೆದಿಲ್ಲ, ಅಲ್ಲಿ ದಿನಬಾಡಿಗೆ ನಡೆಯುತ್ತಿದ್ದದ್ದು ನಿಜ ಎಂದು. ಬಾಡಿಗೆ ಕರಾರಿನ ಪ್ರತಿ ಲಗತ್ತಿಸಿದ್ದೇನೆ. ಅಲ್ಲಿದ್ದ ಕ್ಲಾರ್ಕು ಹುಡುಗಿ ಎರಡು ಸಲ ಕೇಳಿದಳು, ‘ಮೇಡಂ, ನೀವೂ ಓನರ್ರೇ ಅಲ್ವಾ? ದಂಡ ನಿಮ್ಗೂ ಬೀಳತ್ತೆ. ಯೋಚ್ನೆ ಮಾಡಿ ಕೊಡಿ.’ ಯೋಚನೆ ಮಾಡಿಯೇ ಕೊಡುತ್ತಿದ್ದೇನಮ್ಮಾ ಎಂದೆ.

ಇನ್ನೊಂದು ಸುದ್ದಿ ಕೇಳು, ನಗು ಬರುತ್ತದೆ. ಹೋದ ವಾರ ಗಂಗಯ್ಯ ಬಂದು ಕತ್ತು ಕೆರೆದುಕೊಳ್ಳುತ್ತಾ ನಿಂತರು. ‘ಮನೆ ಖಾಲಿ ಮಾಡ್ಕೊಡ್ಬೇಕಲ್ಲಮ್ಮಾ. ನಮ್ ಹುಡುಗ ಹಿಂದ್ಗಡೆದೆಲ್ಲ ಸೇರ್ಸಿ ಅದ್ಯಾವ್ದೋ ಆ್ಯಪ್‌ಗೆ ಹಾಕ್ತಾನಂತೆ. ದಿನಕ್ಕಿಷ್ಟು ಅಂತ ಬತ್ತದಂತೆ.’ ಅಕ್ಟೋಬರ್ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಅಪ್ಪನ ಮನೆಗೂ ದಿನದ ಅತಿಥಿ ಬಂದ, ಬಾಡಿಗೆ ಮನೆಗೂ ಅವನೇ ಬಂದ. ಅವನೂ ಎಲ್ಲೋ ಮನೆ ಬಿಟ್ಟು ಬಂದವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ.

ಐವತ್ತೊಂದು ವರ್ಷದ ಒಂಟಿ ಹೆಂಗಸಿಗೆ ಮನೆ ಕೊಡುವವರು ಎಷ್ಟು ಜನರಿದ್ದಾರೆಂದು ಈಗ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಹುಡುಕಿಕೊಂಡು ತಿರುಗುತ್ತಿದ್ದೇನೆ. ‘ಒಬ್ರೇನಾ?’ ಎನ್ನುತ್ತಾರೆ. ಆಮೇಲೆ ಫೋನ್ ಮಾಡ್ತೀವಿ ಎನ್ನುತ್ತಾರೆ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ನೀನು ಬಾ ಎನ್ನಲಿ ಎಂದು ಬರೆದೆನೇನೋ. ಒಡಹುಟ್ಟಿದವನಲ್ಲವಾ, ಆಸೆ ಸುಲಭಕ್ಕೆ ಸಾಯುವುದಿಲ್ಲ.

ತಂಗಿ,
ಕಾತ್ಯಾಯಿನಿ


ಜಯನಗರ 7ನೇ ಬ್ಲಾಕ್
13 ಅಕ್ಟೋಬರ್ 2025
(ರಿಜಿಸ್ಟರ್ಡ್ ಪೋಸ್ಟ್, ಸ್ವೀಕೃತಿ ಸಹಿತ)

ಕಾತ್ಯಾಯಿನಿಗೆ,

ಆದೇಶ ಬಂದಿದೆ. ಪ್ರತಿ ಜೊತೆಯಲ್ಲಿದೆ. ನಿನ್ನ ಉತ್ತರವನ್ನು ಆಧರಿಸಿ, ನಾಲ್ಕು ವರ್ಷದ ವ್ಯತ್ಯಾಸ, ದಂಡ, ಬಡ್ಡಿ ಎಲ್ಲ ಸೇರಿಸಿ ಕಟ್ಟಬೇಕೆಂದು ಹೇಳಿದ್ದಾರೆ. ಹೊಣೆ ಇಬ್ಬರು ಮಾಲೀಕರದ್ದೂ. ಕರೆಂಟಿನವರೂ ಬಂದು ಮೀಟರು ನೋಡಿಕೊಂಡು ಹೋದರು. ಕೈಲಾಸ್ ಎದುರು ನಿಂತು ನಗುತ್ತಿದ್ದ. ನಿನಗೆ ಸಮಾಧಾನವಾಯಿತೆಂದು ಭಾವಿಸುತ್ತೇನೆ.

ನಿನ್ನ ಪಾಲು ಅರ್ಧ. ದಿನಬಾಡಿಗೆಯ ಹಣದಲ್ಲಿ ನನಗೆ ಏನೂ ಬಂದಿಲ್ಲ ಎನ್ನುತ್ತೀಯ, ಗೊತ್ತು. ಕಾನೂನು ಅದನ್ನು ಕೇಳುವುದಿಲ್ಲ. ಸತ್ಯ ಬರೆಯುತ್ತೇನೆಂದು ಹೋದವಳು ಅದರ ಬೆಲೆಯನ್ನೂ ಕೊಡಬೇಕಾಗುತ್ತದೆ.

ವಿಶ್ರುತ್ ಆ್ಯಪಿನಿಂದ ಮನೆಯನ್ನು ತೆಗೆದುಹಾಕಿದ್ದಾನೆ. ಮೇಲಿನ ಮನೆ ಈಗ ಖಾಲಿ ಇದೆ. ಸಲಹೆಗಾರರು ಹೇಳುವ ಪ್ರಕಾರ, ಮಾಲೀಕರಲ್ಲೊಬ್ಬರು ಬಂದು ವಾಸ ಶುರುಮಾಡಿ, ಗ್ಯಾಸು, ಆಧಾರ್ ವಿಳಾಸ ಎಲ್ಲ ಅಲ್ಲಿಗೆ ಬದಲಾಯಿಸಿಕೊಂಡರೆ ಮುಂದಿನ ವರ್ಷದಿಂದ ಮತ್ತೆ ಸ್ವಂತ ವಾಸವೆಂದು ಘೋಷಿಸಬಹುದು. ಮೀಟರೂ ಮನೆಯ ದರಕ್ಕೇ ಉಳಿಯುತ್ತದೆ. ಪಾಲಿಕೆಯವರು ಮತ್ತೆ ಪರಿಶೀಲನೆಗೆ ಬರುತ್ತಾರೆ, ಆ ಹೊತ್ತಿಗೆ ಯಾರಾದರೂ ಇರಬೇಕು. ನಿನಗೂ ಮನೆ ಬೇಕಾಗಿದೆ.

ಆದ್ದರಿಂದ ಬಾ. ನವೆಂಬರ್ ಒಂದಕ್ಕೆ ಬಂದರೆ ಲೆಕ್ಕಕ್ಕೆ ಅನುಕೂಲ.

ಇಂತಿ,
ಜಯಸಿಂಹ


ಶ್ರೀನಗರ
27 ಅಕ್ಟೋಬರ್ 2025

ಜಯಸಿಂಹ ಅವರಿಗೆ,

ತಮ್ಮ ರಿಜಿಸ್ಟರ್ಡ್ ಪತ್ರ ತಲುಪಿದೆ. ಸ್ವೀಕೃತಿಗೆ ಸಹಿ ಹಾಕಿದ್ದೇನೆ.

‘ಬಾ’ ಎಂಬ ಮಾತಿಗೆ ನಾನು ನಾಲ್ಕು ವರ್ಷ ಕಾದಿದ್ದೆ. ಇವರ ತಮ್ಮನ ಮನೆಯಲ್ಲಿ ಉಂಡ ತಟ್ಟೆ ತೊಳೆಯುವಾಗ ಕಾದಿದ್ದೆ. ಇಲ್ಲಿ ಜ್ವರದಲ್ಲಿ ಮೂರು ದಿನ ಮಲಗಿದ್ದಾಗ ಕಾದಿದ್ದೆ. ಅದು ಬಂದರೆ ಹೇಗೆ ಬರಬಹುದು, ಫೋನಿನಲ್ಲೋ, ನೀವೇ ಬಾಗಿಲಿಗೆ ಬಂದೋ, ಅತ್ತಿಗೆ ಕರೆದುಕೊಂಡು ಬರಲು ಆಟೋ ಮಾಡಿಸಿಯೋ ಎಂದೆಲ್ಲ ನೆನೆಸಿಕೊಂಡಿದ್ದೆ. ಆಸ್ತಿ ತೆರಿಗೆಗೂ ಕರೆಂಟಿನ ಮೀಟರಿಗೂ ನಡುವೆ ಸಿಕ್ಕಿಕೊಂಡು ಬರುತ್ತದೆಂದು ಮಾತ್ರ ನೆನೆಸಿರಲಿಲ್ಲ. ಕಾಗದ ಓದಿ ಅಳು ಬಂತು. ಇಷ್ಟು ದಿನ ಬಾರದಿದ್ದ ಅಳು, ಪಕ್ಕದ ಮನೆಯವರು ಬಾಗಿಲು ಬಡಿಯುವಷ್ಟು ಬಂತು. ಇವರು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮಾರನೇ ದಿನ ಶಾಲೆಯ ಸೊಸೈಟಿಯಲ್ಲಿ ಸಾಲ ತೆಗೆದು ನನ್ನ ಪಾಲಿನ ಅರ್ಧವನ್ನು ಕಟ್ಟಿದ್ದೇನೆ. ರಸೀದಿಯ ಪ್ರತಿ ಇದರೊಂದಿಗಿದೆ. ಯಾರೋ ಮಲಗಿದ ಮಂಚಕ್ಕೆ, ಯಾರೋ ಸ್ನಾನ ಮಾಡಿದ ಬಿಸಿನೀರಿಗೆ ನಾನು ಮೂರು ವರ್ಷ ಸಂಬಳದಲ್ಲಿ ಕಂತು ಕಟ್ಟಬೇಕು. ಕಟ್ಟುತ್ತೇನೆ. ಆ ರಸೀದಿಯಲ್ಲಿ ಮಾಲೀಕರ ಹೆಸರು ಎಂಬಲ್ಲಿ ನನ್ನ ಹೆಸರಿದೆ. ಅಪ್ಪ ಉಯಿಲು ಬರೆದು ಹನ್ನೊಂದು ವರ್ಷವಾದರೂ ಅದನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಅಣ್ಣನ ಮನೆ ಎಂದೇ ಹೇಳಿಕೊಂಡು ಬಂದೆ. ನನ್ನ ತಪ್ಪು ಅದು. ಪಾಲು ಎಂಬ ಮಾತಾಡಿದರೆ ಒಡಹುಟ್ಟಿದವನನ್ನು ಕಳೆದುಕೊಳ್ಳುತ್ತೇನೆ ಎಂದು ಹೆದರಿದ್ದೆ.

ಈಗ ಆ ಹೆದರಿಕೆ ಇಲ್ಲ.

ನವೆಂಬರ್ ಒಂದನೇ ತಾರೀಖು ಶನಿವಾರ ಬೆಳಿಗ್ಗೆ ಸಾಮಾನು ಬರುತ್ತದೆ. ಹೆಚ್ಚಿಲ್ಲ, ಒಂದು ಸಣ್ಣ ಟೆಂಪೋ. ನೀವು ಕರೆದಿರೆಂದು ಬರುತ್ತಿಲ್ಲ, ಲೆಕ್ಕಕ್ಕೆ ಅನುಕೂಲವೆಂದೂ ಬರುತ್ತಿಲ್ಲ. ಮೇಲಿನ ಮನೆ ನನ್ನ ಪಾಲಿನದೆಂದು ಬರುತ್ತಿದ್ದೇನೆ. ಖಾತೆ ಬೇರೆ ಬೇರೆ ಮಾಡಿಸಿಕೊಳ್ಳಲು ಅರ್ಜಿ ಹಾಕುತ್ತೇನೆ, ಅದಕ್ಕೆ ನಿಮ್ಮ ಸಹಿ ಬೇಕಾಗುತ್ತದೆ, ಹಾಕಬೇಕು. ಗೋಡೆಯ ಮೇಲಿನ ನಿಯಮಗಳ ಪಟ್ಟಿಯನ್ನೂ ಬೀಗದ ನಂಬರಿನ ಪೆಟ್ಟಿಗೆಯನ್ನೂ ವಿಶ್ರುತ್ ಅಷ್ಟರೊಳಗೆ ತೆಗೆದುಬಿಡಲಿ. ಎಸಿ, ಗೀಸರು ಅವನದು, ಬಿಚ್ಚಿಕೊಂಡು ಹೋಗಬಹುದು.

ಅತ್ತಿಗೆ ಕೆಳಗಿನಿಂದ ಸಾರು, ಪಲ್ಯ ಕಳಿಸುವುದು ಬೇಡ. ಹಬ್ಬಕ್ಕೆ ಕರೆಯುವುದೂ ಬೇಡ. ನಾನು ಹೊರಗಿನ ಮೆಟ್ಟಿಲಿನಲ್ಲೇ ಓಡಾಡುತ್ತೇನೆ. ಮೆಟ್ಟಿಲಲ್ಲಿ ಎದುರಾದರೆ ನಿಮ್ಮ ವಯಸ್ಸಿಗೆ ದಾರಿ ಬಿಡುತ್ತೇನೆ.

ಪಾಲಿಕೆಯವರು ಪರಿಶೀಲನೆಗೆ ಬಂದು ಮೇಲೆ ಯಾರಿದ್ದಾರೆ ಎಂದು ಕೇಳಿದರೆ, ಮಾಲೀಕರಿದ್ದಾರೆ ಎಂದು ಹೇಳಿ. ತಂಗಿ ಇದ್ದಾಳೆ ಎಂದು ಹೇಳಬೇಡಿ.

ಕಾತ್ಯಾಯಿನಿ ಶ್ರೀಪಾದ
ಸಹ ಮಾಲೀಕರು